ಎರಡು ಸಲ ಉಸಿರು ಕಟ್ಟಿದ ಸ್ಕೂಟರ್: ಕೊಡಗಿನ ನಾಪೋಕ್ಲು ಬದಿಯ ಒಂದು ಪ್ರಕರಣ

"ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ಚೋಕ್ ಕೂಡ ಬೇಡ. ಏರು ಬಂದರೆ ಮಾತ್ರ ಎಳೆಯೋದೇ ಇಲ್ಲ."

2024ರ ಫೆಬ್ರುವರಿಯಲ್ಲಿ ಅಂಗನವಾಡಿ ಶಿಕ್ಷಕಿಯೊಬ್ಬರು ತಮ್ಮ ಸ್ಕೂಟರನ್ನು ನನ್ನ ಶೆಡ್ಡಿಗೆ ತಂದಾಗ ಹೇಳಿದ ಮೊದಲ ಮಾತು ಇದು. ಇದರಲ್ಲಿ ಮೊದಲರ್ಧವನ್ನು ಅವರು ಗಾಡಿಯ ಒಳ್ಳೆಯ ಗುಣವೆಂದು ಹೇಳಿದ್ದರು. ನನಗೆ ಮಾತ್ರ ರೋಗ ಅಲ್ಲೇ ಇದೆ ಅನ್ನಿಸಿತು. ಫೆಬ್ರುವರಿ ಬೆಳಗಿನ ಏಳೂವರೆಗೆ ನಮ್ಮ ಕಡೆ ಇನ್ನೂ ಸ್ವೆಟರ್ ಬಿಚ್ಚಿರುವುದಿಲ್ಲ. ಆ ಚಳಿಯಲ್ಲಿ, ಗಾಳಿ ಮತ್ತು ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿ ಚೋಕ್ ಬೇಡದೆ ಹೊತ್ತಿಕೊಳ್ಳುತ್ತದೆ ಅಂದರೆ, ಚೋಕ್ ಮಾಡುವ ಕೆಲಸವನ್ನು ಒಳಗೆ ಬೇರೆ ಯಾವುದೋ ಮಾಡುತ್ತಿದೆ ಎಂದರ್ಥ. ಚೋಕ್ ಎಳೆದಾಗ ಗಾಳಿಯ ಪಾಲು ತಗ್ಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ತಣ್ಣಗಿರುವ ಎಂಜಿನ್ನಿಗೆ ಅದು ಬೇಕು. ಬಿಸಿಯಾದ ಮೇಲೂ ಹಾಗೇ ಉಳಿದರೆ ಗಾಡಿ ಏದುಸಿರು ಬಿಡುತ್ತದೆ.

ಗಾಡಿ 110 ಸಿಸಿಯದು, 2017ರ ಮಾಡೆಲ್, ಓಡಿದ್ದು 31,000 ಕಿಲೋಮೀಟರ್ ಚಿಲ್ಲರೆ. ಮನೆಯಿಂದ ಅಂಗನವಾಡಿಗೆ ಏಳು ಕಿಲೋಮೀಟರ್. ಮೊದಲ ಒಂದೂವರೆ ಕಿಲೋಮೀಟರ್ ತೋಟದೊಳಗಿನ ಮಣ್ಣುರಸ್ತೆ, ಆಮೇಲೆ ಡಾಂಬರು, ಕೊನೆಗೊಂದು ಗಟ್ಟಿ ಏರು. ಆ ಏರಿನಲ್ಲಿ ಮೊದಲೆಲ್ಲ ಮೂವತ್ತೈದರಲ್ಲಿ ಹೋಗುತ್ತಿದ್ದ ಗಾಡಿ ಈಗ ಇಪ್ಪತ್ತಕ್ಕೆ ಇಳಿದಿತ್ತು. ಮಕ್ಕಳಿಗೆಂದು ಒಯ್ಯುವ ಮೊಟ್ಟೆ, ಬೇಳೆಯ ಚೀಲ ಇದ್ದ ದಿನ ಅರ್ಧದಲ್ಲಿ ಇಳಿದು, ಆಕ್ಸಿಲೇಟರ್ ತಿರುಗಿಸುತ್ತಲೇ ಗಾಡಿಯ ಪಕ್ಕ ನಡೆಯಬೇಕಾಗಿತ್ತು. ಇದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಡಿಸೆಂಬರಿನಿಂದ ಬೇರೆ ಕಡೆ ಎರಡು ಸಲ ಪ್ಲಗ್ ಬದಲಾಯಿಸಿದ್ದರು, ಕಾರ್ಬ್ಯುರೇಟರ್ ತೊಳೆಸಿದ್ದರು, ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಬೆಲ್ಟ್ ಮತ್ತು ರೋಲರ್ ಹೊಸದು ಹಾಕಿಸಿದ್ದರು. ಪ್ರತಿ ಸಲವೂ ನಾಲ್ಕು ದಿನ ಸರಿಯಾಗಿ ಓಡಿ ಮತ್ತೆ ಅದೇ ಕಥೆ. ಕೊನೆಗೆ ಯಾರೋ "ಘಾಟಿಯಲ್ಲಿ ಓಡುವ ಗಾಡಿ ಹೀಗೇ, ಮೇಲೆ ಗಾಳಿ ತೆಳು" ಅಂದರಂತೆ.

ಆ ಮಾತಿನಲ್ಲಿ ಕಾಲು ಭಾಗ ಸತ್ಯವಿದೆ. ಸಮುದ್ರಮಟ್ಟದಿಂದ 1000 ಮೀಟರ್ ಮೇಲೆ ಬಂದರೆ ಗಾಳಿಯ ಸಾಂದ್ರತೆ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಮಡಿಕೇರಿ 1100 ಮೀಟರನ್ನೂ ದಾಟಿ ನಿಂತ ಊರು. ಮಂಗಳೂರಿನಿಂದ ಹೊಸದಾಗಿ ತಂದ ಗಾಡಿ ಇಲ್ಲಿ ಒಂದು ಚೂರು ಮಂದ ಅನ್ನಿಸುವುದು ಸಹಜ. ಆದರೆ ಈ ಸ್ಕೂಟರ್ ಏಳು ವರ್ಷದಿಂದ ಇದೇ ಏರನ್ನು ಹತ್ತುತ್ತಿತ್ತು. ಡಿಸೆಂಬರಿನಲ್ಲಿ ಬೆಟ್ಟವೇನೂ ಎತ್ತರವಾಗಿರಲಿಲ್ಲ.

ತೆರೆಯುವ ಮೊದಲು

ಬೆಲ್ಟಿನ ಮೇಲಿದ್ದ ಅನುಮಾನವನ್ನು ಓಡಿಸಿ ನೋಡಿಯೇ ಬಿಟ್ಟೆ. ಬೆಲ್ಟ್ ಜಾರಿದರೆ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಇಲ್ಲಿ ಸದ್ದೇ ಏರುತ್ತಿರಲಿಲ್ಲ. ಆಕ್ಸಿಲೇಟರ್ ಮುಕ್ಕಾಲು ತಿರುಗಿಸಿದ ಮೇಲೆ ಉಳಿದ ಕಾಲು ಭಾಗ ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿದೆ, ಬ್ರೇಕ್ ಅಂಟಿಕೊಂಡಿರಲಿಲ್ಲ. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ಒರೆಸಿದರೆ ಕಾಡಿಗೆಯಂಥ ಒಣ ಮಸಿ ಬಂತು. ಪ್ಲಗ್ ಬಿಚ್ಚಿದೆ. ಹಾಕಿ ಇಪ್ಪತ್ತು ದಿನವೂ ಆಗದ ಪ್ಲಗ್ಗಿನ ತುದಿ ಕಾಫಿ ಬಣ್ಣದಲ್ಲಿರಬೇಕಾದದ್ದು ಮಸಿ ಹಿಡಿದ ಲಾಟೀನಿನ ಗಾಜಿನ ಹಾಗಿತ್ತು. ಆಯಿಲ್ ಕಡ್ಡಿ ಎಳೆದು ಮೂಸಿದರೆ ಪೆಟ್ರೋಲ್ ವಾಸನೆ.

ಇಷ್ಟಾದ ಮೇಲೆ ಹೆಚ್ಚು ಯೋಚಿಸಬೇಕಾಗಲಿಲ್ಲ. ರೋಗದ ಮೂಲ ಪೆಟ್ರೋಲಿನದಲ್ಲ, ಗಾಳಿ ಕಡಿಮೆ ಬರುತ್ತಿದೆ.

ಗಾಳಿಯ ಲೆಕ್ಕ ಇಟ್ಟುಕೊಂಡವರು ಕಡಿಮೆ. ಪೆಟ್ರೋಲಿಗೆ ದುಡ್ಡು ಕೊಡುತ್ತೇವೆ, ಗಾಳಿಗೆ ಕೊಡುವುದಿಲ್ಲ, ಅದಕ್ಕೇ ಇರಬಹುದು. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ನಮ್ಮ ಎತ್ತರದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಹತ್ತು ಸಾವಿರ ಲೀಟರ್ ಗಾಳಿ. ಮನೆ ಮೇಲಿನ ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕ್ ಹತ್ತು ಸಲ ತುಂಬುವಷ್ಟು ಗಾಳಿ, ಏರ್ ಫಿಲ್ಟರ್ ಎನ್ನುವ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕಾಗದದ ಮಡಿಕೆಯ ಮೂಲಕ ಹಾದು ಹೋಗಬೇಕು. ಆ ಕಾಗದ ಕಟ್ಟಿದರೆ ಪಿಸ್ಟನ್ ಎಳೆಯುವ ಎಳೆತ ಕಾರ್ಬ್ಯುರೇಟರಿನ ಗಂಟಲಲ್ಲಿ ಜೋರಾಗುತ್ತದೆ, ಅಲ್ಲಿನ ಸಣ್ಣ ತೂತಿನ ಜೆಟ್ಟಿನಿಂದ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಏಳುತ್ತದೆ. ಪೂರ್ತಿ ಉರಿಯದ ಆ ಪೆಟ್ರೋಲ್ ಒಂದಿಷ್ಟು ಮಸಿಯಾಗಿ ಹೊರಗೆ ಹೋಗುತ್ತದೆ, ಒಂದಿಷ್ಟು ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗೆ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಕಡ್ಡಿಯಲ್ಲಿ ಮೂಸಿದ ವಾಸನೆ ಅದೇ.

ತೆರೆದಾಗ ಕಂಡದ್ದು

ಈ ಜಾತಿಯ ಸ್ಕೂಟರುಗಳಲ್ಲಿ ಫಿಲ್ಟರ್ ಡಬ್ಬಿ ಇರುವುದು ಎಡಗಡೆ, ಬೆಲ್ಟ್ ಕವರಿನ ಮೇಲೆ, ಹಿಂದಿನ ಚಕ್ರಕ್ಕೆ ಒತ್ತಿಕೊಂಡು. ಕವರಿಗೆ ಇರಬೇಕಾದ ಸ್ಕ್ರೂಗಳಲ್ಲಿ ಒಂದು ಇರಲೇ ಇಲ್ಲ, ಇನ್ನೊಂದು ಥ್ರೆಡ್ ಸವೆದು ಸುಮ್ಮನೆ ತಿರುಗುತ್ತಿತ್ತು. ಕವರ್ ತೆಗೆಯುತ್ತಿದ್ದಂತೆ ಮುಷ್ಟಿಯಷ್ಟು ಕಂದು ಪುಡಿ ನೆಲಕ್ಕೆ ಉದುರಿತು. ಮಣ್ಣು ಎಂದುಕೊಂಡು ಬೆರಳಲ್ಲಿ ಉಜ್ಜಿದೆ. ಮಣ್ಣಲ್ಲ, ಹಗುರ, ನಾರುನಾರು. ಮೂಗಿನ ಹತ್ತಿರ ತಂದರೆ ಕೊಡಗಿನವರು ಯಾರೂ ಗುರುತು ತಪ್ಪದ ಆ ಹುಳಿಮಿಶ್ರಿತ ಒಣ ವಾಸನೆ. ಕಾಫಿ ಹೊಟ್ಟು.

ಎಲಿಮೆಂಟ್, ಅಂದರೆ ಫಿಲ್ಟರಿನ ಆ ಮಡಿಕೆ ಕಾಗದ, ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಮಡಿಕೆ ಮಡಿಕೆಗಳ ನಡುವೆ ಹೊಟ್ಟಿನ ನಾರು ಕಂಬಳಿಯಂತೆ ಹೆಣೆದುಕೊಂಡು ಕೂತಿತ್ತು, ಅದರ ಸಂದಿಗಳಿಗೆ ತೋಟದ ರಸ್ತೆಯ ಕೆಂಪು ಧೂಳು ಗಾರೆ ಹಾಕಿದ ಹಾಗೆ ತುಂಬಿತ್ತು. ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕೇ ಬರಲಿಲ್ಲ. ಅಲ್ಲ, ಒಂದು ಕಡೆ ಬಂತು. ಅದು ಇನ್ನೂ ಕೆಟ್ಟ ಸುದ್ದಿ. ಮೂಲೆಯ ಮಡಿಕೆಯೊಂದರ ಬುಡದಲ್ಲಿ ಉಗುರಿನಷ್ಟುದ್ದ ಸೀಳು, ಅದರ ಮೂಲಕ ಬೆಳಕಿನ ಗೆರೆ. ಫಿಲ್ಟರಿನ ಆಚೆ, ಎಂಜಿನ್ ಕಡೆಯ ಶುಚಿಯಾಗಿರಬೇಕಾದ ಕೊಳವೆಯೊಳಗೆ ಬೆರಳಾಡಿಸಿದರೆ ಪೌಡರಿನಂಥ ನಯವಾದ ಕೆಂಪು ಧೂಳು ಅಂಟಿತು.

ಕಟ್ಟಿದ ಫಿಲ್ಟರ್ ಪೆಟ್ರೋಲ್ ತಿನ್ನುತ್ತದೆ, ಹರಿದ ಫಿಲ್ಟರ್ ಎಂಜಿನ್ನನ್ನೇ ತಿನ್ನುತ್ತದೆ. ಮಣ್ಣಿನಲ್ಲಿರುವ ಸ್ಫಟಿಕದ ಕಣ ಸಾಧಾರಣ ಉಕ್ಕಿಗಿಂತ ಗಟ್ಟಿ. ಕೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣದಾದ ಆ ಕಣ ಪಿಸ್ಟನ್ ರಿಂಗ್ ಮತ್ತು ಗೋಡೆಯ ನಡುವಿನ ಎಣ್ಣೆಪದರದಲ್ಲಿ ಸಿಕ್ಕಿಕೊಂಡರೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಭಯದಿಂದಲೇ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿದೆ. ಕಪ್ಪು ಇತ್ತು, ರಿಂಗ್ ಸವೆದು ಆಯಿಲ್ ಉರಿದರೆ ಬರುವ ನೀಲಿ ಇರಲಿಲ್ಲ. ರಿಂಗ್ ಇನ್ನೂ ಹೋಗಿಲ್ಲ ಅನ್ನುವಷ್ಟು ಸಮಾಧಾನ.

ಸೀಳು ಹೇಗೆ ಬಂತು ಅನ್ನುವುದು ಅವರ ಸರ್ವಿಸ್ ಬಿಲ್ಲುಗಳಲ್ಲಿತ್ತು. ಫಿಲ್ಟರ್ ಹೊಸದಾಗಿ ಹಾಕಿದ್ದು ಹದಿನಾಲ್ಕು ತಿಂಗಳ ಹಿಂದೆ, 4,200 ಕಿಲೋಮೀಟರ್ ಹಿಂದೆ. ಆಮೇಲೆ ಮೂರು ಸಲ "ಫಿಲ್ಟರ್ ಕ್ಲೀನಿಂಗ್". ಅಂದರೆ ಟಯರಿಗೆ ಗಾಳಿ ಹಾಕುವ ಪೈಪಿನಿಂದ ಬುಸ್ಸನೆ ಊದುವುದು. ಈಗಿನ ಬಹುಪಾಲು ಸ್ಕೂಟರುಗಳಲ್ಲಿ ಬರುವುದು ಎಣ್ಣೆ ಹೀರಿಸಿದ ಕಾಗದ. ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ಆದರೆ ಧೂಳನ್ನು ಹಿಡಿಯುವುದು ಆ ಎಣ್ಣೆಯ ಜಿಗುಟೇ. ಜೋರು ಗಾಳಿ ಬಿಟ್ಟರೆ ಮೇಲಿನ ಕಸ ಹಾರುತ್ತದೆ, ಒಳಗಿನ ಧೂಳು ಇನ್ನೂ ಒಳಗೆ ಹೋಗುತ್ತದೆ, ಕಾಗದದ ರಂಧ್ರ ಹಿಗ್ಗುತ್ತದೆ, ಪೈಪಿನ ಮೂತಿ ಹತ್ತಿರವಾದರೆ ಸೀಳಿಯೇ ಬಿಡುತ್ತದೆ. ಈ ಕಾಗದವನ್ನು ತೊಳೆಯುವಂತಿಲ್ಲ, ಊದುವಂತಿಲ್ಲ, ಬದಲಾಯಿಸುವುದೊಂದೇ ದಾರಿ. ನಾನೂ ಕೆಲಸ ಕಲಿತ ಹೊಸದರಲ್ಲಿ ವರ್ಷಗಟ್ಟಲೆ ಊದಿದ್ದೇನೆ. ಗಿರಾಕಿಯ ಎದುರು ಧೂಳು ಹಾರಿದರೆ ಕೆಲಸ ಆದಂತೆ ಕಾಣುತ್ತಿತ್ತು. ಎಷ್ಟು ಎಂಜಿನ್ನುಗಳ ಆಯುಸ್ಸನ್ನು ಹಾಗೆ ಕಳೆದೆನೋ ಎಂದು ಈಗಲೂ ನೆನೆದು ನೋವಾಗುತ್ತದೆ.

ಹಳೆಯ ಟೂ-ಸ್ಟ್ರೋಕ್ ಗಾಡಿ ಇನ್ನೂ ಇಟ್ಟುಕೊಂಡವರಿಗೆ ಬೇರೆ ಮಾತು. ಅವುಗಳಲ್ಲಿ ಹೆಚ್ಚಾಗಿ ಸ್ಪಂಜು ಇರುತ್ತದೆ, ಅದನ್ನು ತೊಳೆಯಬಹುದು, ತೊಳೆಯಲೇಬೇಕು. ಸೀಮೆಎಣ್ಣೆಯಲ್ಲಿ ಅದ್ದಿ, ಅಂಗೈಗಳ ನಡುವೆ ಒತ್ತಿ ಒತ್ತಿ ತೆಗೆಯಬೇಕು. ಬಟ್ಟೆಯ ಹಾಗೆ ಹಿಂಡಿದರೆ ಹರಿಯುತ್ತದೆ. ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಅನೇಕರಿಗಿದೆ, ಬೆಂಕಿಯ ಅಪಾಯ ಇರುವುದರಿಂದ ದಯವಿಟ್ಟು ಬೇಡ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಗೇರ್ ಆಯಿಲ್‌ನಲ್ಲಿ ಅದ್ದಿ, ಹೆಚ್ಚಿನದನ್ನು ಒತ್ತಿ ತೆಗೆದು ಕೂರಿಸಬೇಕು. ಎಣ್ಣೆ ಹಾಕದ ಒಣ ಸ್ಪಂಜು ಕಸ ತಡೆಯುತ್ತದೆಯೇ ಹೊರತು ಧೂಳು ತಡೆಯುವುದಿಲ್ಲ.

ಈ ಶಿಕ್ಷಕಿಯ ಗಾಡಿಗೆ ಹೊಸ ಎಲಿಮೆಂಟ್ ಹಾಕಿದೆ. ಅದಕ್ಕೂ ಮೊದಲು ಕಾರ್ಬ್ಯುರೇಟರಿಗೆ ಹೋಗುವ ಬಾಯಿಗೆ ಶುಭ್ರ ಬಟ್ಟೆ ತುರುಕಿ, ಡಬ್ಬಿಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಆ ಕೊಳವೆಯ ಕೆಂಪು ಧೂಳನ್ನೂ ತೆಗೆದೆ. ಕವರಿನ ರಬ್ಬರ್ ಅಂಚು ಒಂದು ಕಡೆ ಮಡಚಿಕೊಂಡಿತ್ತು, ಅದನ್ನು ಅದರ ಜಾಗದಲ್ಲಿ ಸರಿಯಾಗಿ ಕೂರಿಸಿದೆ. ಇಲ್ಲದಿದ್ದರೆ ಧೂಳಿಗೆ ಫಿಲ್ಟರ್ ದಾಟಬೇಕಾದ ಅಗತ್ಯವೇ ಇಲ್ಲ, ಪಕ್ಕದಿಂದಲೇ ಒಳಗೆ ಬರುತ್ತದೆ. ಕಾಣೆಯಾದ ಸ್ಕ್ರೂ ಹಾಕಿದೆ. ಹಿಂದಿನವರು ಪೆಟ್ರೋಲ್ ಕಡಿಮೆ ಮಾಡಲು ತಿರುಗಿಸಿಟ್ಟಿದ್ದ ಮಿಕ್ಸ್ಚರ್ ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದೆ. ನಾಲ್ಕು ದಿನದ ಗುಣ ಬರುತ್ತಿದ್ದದ್ದು ಈ ಸ್ಕ್ರೂನಿಂದ ಮತ್ತು ಹೊಸ ಪ್ಲಗ್ಗಿನಿಂದ. ಆಯಿಲ್ ಬದಲಿಸಿದೆ. ಬೇರೇನೂ ಮಾಡಲಿಲ್ಲ.

ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸುವವರೆಗೆ ಬರೆದಿಡಲು ಹೇಳಿದ್ದೆ. ಅಂಗನವಾಡಿಯವರಿಗೆ ರಿಜಿಸ್ಟರ್ ಬರೆಯುವುದು ಹೊಸದಲ್ಲ, ಅಚ್ಚುಕಟ್ಟಾಗಿ ಬರೆದು ತಂದರು. ಮೊದಲು ಲೀಟರಿಗೆ 34, ಈಗ 46. ತಿಂಗಳಿಗೆ ಅವರು ಓಡಿಸುವುದು ಸುಮಾರು 360 ಕಿಲೋಮೀಟರ್. ಅಂದರೆ ತಿಂಗಳಿಗೆ ಹೆಚ್ಚುಕಡಿಮೆ ಮೂರು ಲೀಟರ್ ಮಸಿಯಾಗಿ ಹೋಗುತ್ತಿತ್ತು. ಲೀಟರಿಗೆ ನೂರು ದಾಟಿದ ಪೆಟ್ರೋಲಿನಲ್ಲಿ ಅದು ಒಂದು ಹೊಸ ಎಲಿಮೆಂಟಿನ ಬೆಲೆ.

ಆದರೆ 16,000 ಕಿಲೋಮೀಟರಿಗೆ ಬದಲಿಸಿ ಎಂದು ಕೈಪಿಡಿಯಲ್ಲಿದ್ದದ್ದು 4,200ಕ್ಕೇ ಹೀಗಾದದ್ದು ಏಕೆ? ಉತ್ತರ ಹುಡುಕಲು ಒಂದು ಭಾನುವಾರ ಅವರ ಮನೆಗೇ ಹೋದೆ. ಮೂರು ಎಕರೆ ರೋಬಸ್ಟಾ ಕಾಫಿ. ಮನೆಯ ಮುಂದೆ ಸಿಮೆಂಟ್ ಕಣ, ಕಣದ ತುಂಬ ಒಣಗುತ್ತಿರುವ ಚೆರ್ರಿ, ಅಂದರೆ ಕಾಫಿ ಹಣ್ಣು. ಕಣದ ಅಂಚಿನಲ್ಲೇ ಸ್ಟೋರಿನ ಮಾಡು, ಅದರ ಕೆಳಗೆ ಸ್ಕೂಟರ್. ಬೇಲಿಯಾಚೆ ಪಕ್ಕದ ಮನೆಯವರ ಸಣ್ಣ ಹಲ್ಲರ್, ಒಣಚೆರ್ರಿಯ ಹೊಟ್ಟು ಬಿಡಿಸುವ ಯಂತ್ರ. ಒಣಚೆರ್ರಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಹೊಟ್ಟೇ. ಅಷ್ಟು ಹೊಟ್ಟು ಜನವರಿಯಿಂದ ಮಾರ್ಚ್‌ವರೆಗೆ ಆ ಬೇಲಿಯ ಬಳಿ ರಾಶಿಯಾಗುತ್ತದೆ, ಗಾಳಿ ಬಂದರೆ ಏಳುತ್ತದೆ. ಸ್ಕೂಟರಿನ ಸೀಟಿನ ಮೇಲೆ, ಕನ್ನಡಿಯ ಮೇಲೆ, ಗಾಳಿ ಎಳೆಯುವ ಕೊಳವೆಯ ಬಾಯಲ್ಲಿ ಎಲ್ಲೆಲ್ಲೂ ಅದೇ ಪುಡಿ. ಬೆಳಗ್ಗೆ ಅವರ ಯಜಮಾನರು ಕಣ ಗುಡಿಸಿ ಚೆರ್ರಿ ಕೆದರುವ ಹೊತ್ತಿಗೆ ಸರಿಯಾಗಿ ಇವರು ಸ್ಕೂಟರ್ ಸ್ಟಾರ್ಟ್ ಮಾಡಿ, ಬಿಸಿಯಾಗಲಿ ಎಂದು ಐದು ನಿಮಿಷ ಅಲ್ಲೇ ಬಿಡುತ್ತಿದ್ದರು. ಕಿಲೋಮೀಟರ್ ಮೀಟರ್ ಆ ಐದು ನಿಮಿಷವನ್ನು ಲೆಕ್ಕ ಹಿಡಿಯುವುದಿಲ್ಲ. ಫಿಲ್ಟರ್ ಹಿಡಿಯುತ್ತದೆ. ಆಮೇಲೆ ಒಂದೂವರೆ ಕಿಲೋಮೀಟರ್ ಮಣ್ಣುರಸ್ತೆಯಲ್ಲಿ ಕೂಲಿಯವರನ್ನು ತರುವ ಜೀಪಿನ ಹಿಂದೆ.

ಕೈಪಿಡಿಯ ಅಂಕಿ ತಪ್ಪಲ್ಲ. ಧೂಳಿನ ಜಾಗದಲ್ಲಿ ಬೇಗ ಬದಲಿಸಿ ಎಂದು ಅದರಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಎಷ್ಟು ಬೇಗ ಅನ್ನುವುದು ಗಾಡಿ ಮಲಗುವ ಜಾಗ ನೋಡಿ ನಾವೇ ತೀರ್ಮಾನಿಸಬೇಕು. ಗಾಡಿಯನ್ನು ಮನೆಯ ಹಿಂಬದಿಗೆ, ಬಚ್ಚಲಿನ ಪಕ್ಕದ ಮಾಡಿಗೆ ಸ್ಥಳಾಂತರಿಸಿದರು. ಬಿಸಿ ಮಾಡುವುದಿದ್ದರೆ ಡಾಂಬರು ರಸ್ತೆಗೆ ಬಂದು ಅರ್ಧ ನಿಮಿಷ ಸಾಕು ಅಂದೆ.

ಕಕ್ಕಡದಲ್ಲಿ ಮತ್ತೆ

ಪ್ರಕರಣ ಮುಗಿಯಿತು ಎಂದುಕೊಂಡಿದ್ದೆ. ಜುಲೈ ಕೊನೆಯಲ್ಲಿ, ಕೊಡವರ ಕಕ್ಕಡ ತಿಂಗಳ ಮಳೆ ಎಡೆಬಿಡದೆ ಸುರಿಯುತ್ತಿದ್ದಾಗ, ಗಾಡಿ ಪಿಕಪ್ ಜೀಪಿನಲ್ಲಿ ಬಂತು. ಈ ಸಲ ಲಕ್ಷಣ ಬೇರೆ. ಸ್ಲೋ ಸ್ಪೀಡಿನಲ್ಲಿ ಎಂಜಿನ್ ಓಡುತ್ತಾ ಇರುವುದಿಲ್ಲ, ಕೆಮ್ಮಿ ಕೆಮ್ಮಿ ಆಫ್ ಆಗುತ್ತದೆ. ಹಿಂದಿನ ವಾರ ವಾಟರ್ ಸರ್ವಿಸ್ ಮಾಡಿಸಿದ್ದೆವು, ನೀರು ಹೋಗಿರಬೇಕು ಎಂದರು. ನನಗೂ ಮೊದಲು ಹಾಗೇ ಅನ್ನಿಸಿತು.

ಫಿಲ್ಟರ್ ಡಬ್ಬಿಯ ಅಡಿಯಲ್ಲಿ ಬೆರಳುದ್ದದ ಒಂದು ಪಾರದರ್ಶಕ ಟ್ಯೂಬ್ ಇಳಿಬಿದ್ದಿರುತ್ತದೆ, ತುದಿಗೊಂದು ಬಿರಡೆ. ಅದು ಕುತ್ತಿಗೆಯವರೆಗೂ ತುಂಬಿತ್ತು. ತುಂಬಿದ್ದು ನೀರಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣ, ಗಂಜಿಯಂತೆ ಮಂದ, ಎಂಜಿನ್ ಆಯಿಲ್ ವಾಸನೆ. ಬರೀ ಮಳೆನೀರಾಗಿದ್ದರೆ ತಿಳಿಯಾಗಿಯೋ ಕೆಸರಾಗಿಯೋ ಇರುತ್ತಿತ್ತು, ಆಯಿಲ್ ನಾರುತ್ತಿರಲಿಲ್ಲ. ಇದು ಎಂಜಿನ್ನಿನ ಒಳಗಿಂದ ಬಂದದ್ದು.

ಎಂಜಿನ್ನಿನ ಹೊಟ್ಟೆಯೊಳಗಿನ ಆವಿ ಹೊರಗೆ ಬಿಡಲು ಒಂದು ಬ್ರೀದರ್ ಪೈಪ್ ಇರುತ್ತದೆ. ಅದರ ಇನ್ನೊಂದು ತುದಿ ಇದೇ ಫಿಲ್ಟರ್ ಡಬ್ಬಿಗೆ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ರಿಂಗ್ ದಾಟಿ ಕೆಳಗಿಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಆವಿಯಾಗಿಯೇ ಹೋಗಿಬಿಡುತ್ತದೆ. ಏಳು ಕಿಲೋಮೀಟರ್ ಹೋಗಿ ನಿಲ್ಲಿಸಿ, ಸಂಜೆ ತಣ್ಣಗಾದದ್ದನ್ನು ಮತ್ತೆ ಏಳು ಕಿಲೋಮೀಟರ್ ಓಡಿಸುವ ಗಾಡಿ, ಅದೂ ಸೂರ್ಯನನ್ನೇ ಕಾಣದ ತಿಂಗಳಲ್ಲಿ, ಸರಿಯಾಗಿ ಕಾಯುವುದೇ ಇಲ್ಲ. ಆವಿ ನೀರಾಗಿ, ಆಯಿಲ್ ಜೊತೆ ಕಡೆದುಕೊಂಡು ಮಜ್ಜಿಗೆಯಾಗಿ ಆ ಟ್ಯೂಬಿಗೆ ಇಳಿಯುತ್ತದೆ. ಕುಶಾಲನಗರದ ಬಯಲಿನಲ್ಲಿ ಇದು ಅಪರೂಪ. ಭಾಗಮಂಡಲ, ನಾಪೋಕ್ಲು, ಕಕ್ಕಬ್ಬೆ ಬದಿಯಲ್ಲಿ ಪ್ರತಿ ಮಳೆಗಾಲ ನೋಡುತ್ತೇನೆ. ಟ್ಯೂಬ್ ತುಂಬಿದ ಮೇಲೆ ಮಜ್ಜಿಗೆ ಡಬ್ಬಿಯ ತಳದಲ್ಲಿ ನಿಂತು, ಎಲಿಮೆಂಟಿನ ಕೆಳಗಿನ ಮಡಿಕೆಗಳು ದೀಪದ ಬತ್ತಿಯಂತೆ ಅದನ್ನು ಹೀರಿಕೊಂಡಿದ್ದವು. ಕೆಳಗಿನ ಮೂರನೇ ಒಂದು ಭಾಗ ಉಬ್ಬಿ, ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು.

ಇಲ್ಲಿ ತಪ್ಪು ನನ್ನದು. ಫೆಬ್ರುವರಿಯಲ್ಲಿ ಧೂಳಿನ ಬಗ್ಗೆ ಅಷ್ಟು ಹೇಳಿದವನು ಈ ಟ್ಯೂಬಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬಿರಡೆ ಎಳೆದು ಖಾಲಿ ಮಾಡಿ ಮತ್ತೆ ಹಾಕುವುದು, ಅಷ್ಟೇ. ಸ್ಪ್ಯಾನರ್ ಬೇಡ, ಮೆಕ್ಯಾನಿಕ್ ಬೇಡ, ಅರ್ಧ ನಿಮಿಷದ ಕೆಲಸ. ಅದನ್ನು ಹೇಳದ್ದಕ್ಕೆ ಅವರು ಆ ಮಳೆಯಲ್ಲಿ ಎರಡು ದಿನ ಬಸ್ಸಿಗೆ ಕಾದರು. ಎರಡನೇ ಎಲಿಮೆಂಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹಳೆಯದನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಬಹುದೇ ಎಂದು ಕೇಳಿದರು. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಕಾಳುಮೆಣಸಿನಿಂದ ಶಾಲೆಯ ಬೂಟಿನವರೆಗೆ ಎಲ್ಲವೂ ಒಣಗುವುದು ಅಲ್ಲೇ, ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆಯಿಲ್ ನೀರು ಕುಡಿದು ಉಬ್ಬಿದ ಕಾಗದ ಒಣಗಿದರೂ ಮೊದಲಿನಂತೆ ಆಗುವುದಿಲ್ಲ. ಜೊತೆಗೆ ಒಲೆಯ ಮಸಿ ಬೇರೆ ಹಿಡಿಯುತ್ತದೆ.

ಹೊಸ ಗಾಡಿಯವರು ಇದು ನಮಗಲ್ಲ ಎಂದುಕೊಳ್ಳುವುದುಂಟು. 2020ರ ಏಪ್ರಿಲ್‌ನಿಂದ ಬಂದ, ಹೊಗೆಯ ಹೊಸ ನಿಯಮದ ಬಿಎಸ್-6 ಸ್ಕೂಟರುಗಳಲ್ಲಿ ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಇದೆ. ಗಾಳಿ ಕಡಿಮೆಯಾದರೆ ಅದು ಪೆಟ್ರೋಲನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ಹಾಗಾಗಿ ಪ್ಲಗ್ ಅಷ್ಟು ಕಪ್ಪಾಗುವುದಿಲ್ಲ, ಮೈಲೇಜ್ ಅಷ್ಟು ಬೀಳುವುದಿಲ್ಲ, ಏರಿನಲ್ಲಿ ಮಾತ್ರ ಸೋಲುತ್ತದೆ. ಲಕ್ಷಣ ಮರೆಯಾಗುವುದರಿಂದ ಅವುಗಳ ಡಬ್ಬಿಯನ್ನು ನಾನು ಹಳೆಯ ಗಾಡಿಗಿಂತ ಮೊದಲೇ ತೆರೆದು ನೋಡುತ್ತೇನೆ. ಸೀಳು ಬಿದ್ದರೆ ಧೂಳು ಇಂಜೆಕ್ಷನ್ ಎಂದು ರಿಯಾಯಿತಿ ಕೊಡುವುದಿಲ್ಲ.

ಶಿಕ್ಷಕಿಯ ಮನೆಯ ಸ್ಟೋರಿನ ಗೋಡೆಯಲ್ಲಿ, ಕೂಲಿಯವರ ಲೆಕ್ಕ ಬರೆಯುವ ಕಡೆ, ಈಗ ಸೀಮೆಸುಣ್ಣದಲ್ಲಿ ಸ್ಕೂಟರಿಗೂ ಒಂದು ಸಾಲು ಇದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಟ್ಯೂಬ್. ಹದಿನೈದು ದಿನಕ್ಕೆ ಒಂದು ಸಲವಾದರೂ ಮಡಿಕೇರಿಗೆ ಹೋಗಿ ಬಂದು ಎಂಜಿನ್ ಕಾಯಿಸುವುದು. ಕೊಯ್ಲು ಶುರುವಾಗುವಾಗ ಒಮ್ಮೆ, ನಡುವೆ ಒಮ್ಮೆ ಡಬ್ಬಿ ತೆರೆದು ಟಾರ್ಚ್ ಹಿಡಿಯುವುದು. ಡಬ್ಬಿ ತೆರೆಯುವುದನ್ನು ಅವರೇ ಕಲಿತಿದ್ದಾರೆ, ಸ್ಕ್ರೂಗಳನ್ನು ಹೆಲ್ಮೆಟ್ಟಿನೊಳಗೆ ಹಾಕಿಡುತ್ತಾರೆ, ಕಳೆಯಬಾರದೆಂದು.

2025ರ ಮಾರ್ಚ್ ಕೊನೆಯಲ್ಲಿ ಅವರೇ ಎಲಿಮೆಂಟ್ ಬಿಚ್ಚಿ ಕಾಗದದಲ್ಲಿ ಸುತ್ತಿಕೊಂಡು ಶೆಡ್ಡಿಗೆ ತಂದಿದ್ದರು. ಹೊಸದರ ಪಕ್ಕ ಇಟ್ಟು ಎರಡಕ್ಕೂ ಟಾರ್ಚ್ ಬಿಟ್ಟೆವು. ಹಳೆಯದರಲ್ಲಿ ಬೆಳಕು ಮಂಕಾಗಿತ್ತು, ಆದರೆ ಎಲ್ಲಾ ಮಡಿಕೆಯಲ್ಲೂ ಒಂದೇ ಸಮ. ಇನ್ನೂ ಸಾವಿರ, ಒಂದೂವರೆ ಸಾವಿರ ಕಿಲೋಮೀಟರ್ ಓಡಬಹುದಿತ್ತು, ಹಾಗೇ ಹೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಬೇಡ, ಕಣ ತೊಳೆದಾಯ್ತು, ಮಳೆಗೆ ಹೊಸದೇ ಇರಲಿ" ಎಂದು ಹೊಸದನ್ನು ಚೀಲಕ್ಕೆ ಹಾಕಿಕೊಂಡರು.